ತೊಳೆದಿಟ್ಟ ಪೇಪರ್ ಲೋಟ

ದೊಡ್ಡಮುನಿಯಪ್ಪನ ಮೊಮ್ಮಗಳು ಶಾಲಿನಿ ನನ್ನನ್ನು ಅಣ್ಣ ಎನ್ನುತ್ತಾಳೆ. ಅವಳ ತಾತ ಈಗಲೂ ಬುದ್ದಿ ಎಂದೇ ಕರೆಯುವುದು. ಮೊದಲ ಸಲ ಅವಳು ಅಣ್ಣ ಎಂದಾಗ ನನಗೆ ರೇಗಿತ್ತು.

ತಿಪ್ಪಸಂದ್ರದಲ್ಲಿ ಬಸ್ಸು ನಿಲ್ಲುವ ಕಡೆ ನನ್ನ ಟೀ ಹೋಟೆಲ್. ದಲಿತರ ಕೇರಿಯವರ ಲೋಟಗಳು ನಮ್ಮಪ್ಪನ ಕಾಲದಿಂದ ಹೊರಗೆ, ಗೋಡೆಯ ಗೂಡಿನಲ್ಲಿರುತ್ತಿದ್ದವು. ಕುಡಿದವರು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಲ್ಲಾದಲ್ಲಿ ಕೂತ ನಾನೂ ಹಾಗೇ ನಡೆಸಿಕೊಂಡು ಬಂದೆ.

ಶಾಲಿನಿ ಮಾಗಡಿಯಲ್ಲಿ ಬಿ.ಎ. ಓದುವ ಹುಡುಗಿ. ರಾಮನಗರದ ಮಾನವ ಹಕ್ಕುಗಳ ಯುವ ಶಿಬಿರಕ್ಕೆ ಹೋಗಿ ಬಂದವಳು, ಭಾನುವಾರ ಮೂವರು ಗೆಳತಿಯರನ್ನು ಕಟ್ಟಿಕೊಂಡು ಹೋಬಳಿಯ ಹೋಟೆಲುಗಳನ್ನು ಸುತ್ತತೊಡಗಿದಳು. ಕೈಯಲ್ಲೊಂದು ಸಣ್ಣ ಪುಸ್ತಕ. ಹುಟ್ಟಿನಿಂದ ಎಲ್ಲರೂ ಸಮ ಅಂತ ದೇಶಗಳೆಲ್ಲ ಸೇರಿ ಬರೆದದ್ದಂತೆ. ನೇಪಾಳದಲ್ಲೂ ಆಫ್ರಿಕಾದಲ್ಲೂ ಅವಳ ವಯಸ್ಸಿನವರು ಹೀಗೇ ಓದಿ ಹೇಳುತ್ತಾ ತಿರುಗುತ್ತಾರಂತೆ. ಅವಳಿಗೆ ಬೇಕಿದ್ದದ್ದು ಒಂದೇ. ತಾತ ಒಳಗೆ ಬೆಂಚಿನ ಮೇಲೆ ಕೂತು ಎಲ್ಲರ ಲೋಟದಲ್ಲಿ ಟೀ ಕುಡಿಯಬೇಕು.

ನಾನು ಬೈದು ಅಟ್ಟಿದೆ. ಮುಂದಿನ ವಾರವೂ ಬೈದೆ. ಆಮೇಲೆ ನನ್ನ ಮೇಲೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಳು. ವಿಚಾರಣೆಗೆ ಬಂದ ಇಬ್ಬರು ನನ್ನಲ್ಲೇ ಟೀ ಕುಡಿದು, ಏನೋ ಬರೆದುಕೊಂಡು ಹೋದರು. ಅವಳಪ್ಪ ಮುನೇಶನನ್ನು ನಮ್ಮವರು ಕೂಲಿಗೆ ಕರೆಯುವುದನ್ನು ಬಿಟ್ಟರು. ಗೆಳತಿಯರು ಬರುವುದೂ ನಿಂತಿತು. ಶಾಲಿನಿ ಒಬ್ಬಳೇ ಬರುತ್ತಿದ್ದಳು, ಕಣ್ಣ ಕೆಳಗೆ ಕಪ್ಪು.

ನಾನೊಂದು ಉಪಾಯ ಮಾಡಿದೆ. ಗೂಡಿನ ಲೋಟಗಳನ್ನು ಎಸೆದು, ಹೊರಗೆ ಕುಡಿಯುವವರು ಯಾರೇ ಆಗಲಿ ಪೇಪರ್ ಲೋಟ ಎಂದು ಮಾಡಿದೆ. ಈಗ ಎಲ್ಲ ಸಮ ತಾನೇ, ಇನ್ನು ನಡಿ ಎಂದೆ.

"ಒಳಗೆ ಗಾಜಿನ ಲೋಟ ಯಾರ್ಗೈತಣ್ಣ?" ಎಂದಳು.

ಹೋದ ತಿಂಗಳು ಒಂದು ಬೆಳಿಗ್ಗೆ ತಾತನನ್ನು ಕರೆದುಕೊಂಡು ಬಂದಳು. ಮುದುಕ ಅಭ್ಯಾಸದಂತೆ ಹೊರಗಿನ ಕಲ್ಲಿನ ಮೇಲೇ ಕೂತ. ಟೀ ಕುಡಿದು, ನಲ್ಲಿಗೆ ಹೋಗಿ ಪೇಪರ್ ಲೋಟವನ್ನು ತೊಳೆದ. ಎರಡು ಸಲ ತೊಳೆದು, ಮೆತ್ತಗಾದ ಅದನ್ನು ಖಾಲಿ ಗೂಡಿನಲ್ಲಿ ಬೋರಲು ಹಾಕಿದ.

ಶಾಲಿನಿ ನೋಡುತ್ತಾ ನಿಂತಳು. ಜಗಳಕ್ಕೆ ಬಂದಿದ್ದರೆ ನಾನೂ ಬಿಡುತ್ತಿರಲಿಲ್ಲ.

"ಒಳಕ್ಕೆ ಬಾ ಮುನಿಯಪ್ಪ," ಎಂದೆ. ನನ್ನ ದನಿ ಬೈದ ಹಾಗೇ ಇತ್ತು. ಗಾಜಿನ ಲೋಟಕ್ಕೆ ಟೀ ಸುರಿದು ಟೇಬಲ್ ಮೇಲಿಟ್ಟೆ. ಅಲ್ಲಿ ಕೂತಿದ್ದ ನನ್ನ ಬಾಮೈದ ನಟರಾಜು ಎದ್ದು ಹೋದ, ಇವತ್ತಿಗೂ ಮಾತಾಡಿಸಿಲ್ಲ.

ಮುದುಕ ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಕುಡಿದ. ಆ ಲೋಟವನ್ನೂ ಎತ್ತಿಕೊಂಡು ನಲ್ಲಿಯ ಕಡೆ ಹೊರಟ.

"ಬುಡು ತಾತ, ಅವ್ರು ತೊಳ್ಕತಾರೆ," ಎಂದಳು ಶಾಲಿನಿ.

ಅವನ ಕೈಯಿಂದ ಲೋಟ ಇಸಿದುಕೊಂಡು ನನ್ನ ಎಂಜಲು ಲೋಟಗಳ ಬಕೆಟ್ಟಿಗೆ ಹಾಕಿದಳು. ಅವನನ್ನು ಮತ್ತೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಮಾಗಡಿ ಬಸ್ಸು ಬಂದು ಹೋಯಿತು. ಕಾಲೇಜಿಲ್ಲವೇನಮ್ಮ ಎಂದೆ.

"ಒಸಿ ಕೂತ್ಕತೀನಿ ಬುಡಣ್ಣ," ಎಂದಳು. "ಸಾಕಾಗೈತೆ."