ದುಡಿಯುವ ಆರು ಜನ

ಸಂಬಂಧ ತಂದ ಸೋದರತ್ತೆ, "ಆ ಮನೇಲಿ ದುಡಿಯೋರೇ ಆರು ಜನ ಕಣೇ, ನೀನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರಬಹುದು" ಎಂದಿದ್ದಳು. ಆ ಮನೆಗೆ ಸೊಸೆಯಾಗಿ ಹೋಗಲಿದ್ದವಳ ಕಿವಿಗೆ ಆ ಆರು ಜನರ ಸುದ್ದಿ ಬಿದ್ದದ್ದು ಅವತ್ತೇ ಮೊದಲು. ಮದುವೆಯಾಗಿ ಬಂದು ನೋಡಿದರೆ ಆರರಲ್ಲಿ ನಾಲ್ಕು ಕತ್ತೆಗಳು. ಉಳಿದಿಬ್ಬರು ಗಂಡ ಮತ್ತು ಅತ್ತೆ.

ಗುಡ್ಡದ ಮೇಲಿನ ಕೇರಿಗೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಗಾಡಿ ಹತ್ತುವುದಿಲ್ಲ, ನಲ್ಲಿಯ ನೀರು ಏರುವುದಿಲ್ಲ. ಕುಡಿಯುವ ನೀರು, ಕಟ್ಟುವ ಇಟ್ಟಿಗೆ, ಎಲ್ಲ ಹೋಗಬೇಕಾದದ್ದು ಕತ್ತೆಯ ಬೆನ್ನ ಮೇಲೆಯೇ. ಅವು ಒಂದು ದಿನ ನಿಂತರೆ ಅಲ್ಲಿ ಒಲೆ ಹತ್ತುತ್ತಿರಲಿಲ್ಲ. ಆದರೂ ಅಲ್ಲಿನವರು ಮಕ್ಕಳನ್ನು ಬೈಯುತ್ತಿದ್ದದ್ದು 'ಕತ್ತೆ' ಎಂದೇ. ಅತ್ತೆ ನೀರಿನ ಕ್ಯಾನು ಇಳಿಸುತ್ತಾ, "ನಮ್ಮವರ ಹೆಸರು ಯಾಕೆ ಕೆಡಿಸ್ತೀಯಾ ತಾಯೀ? ಬೇರೇನಾದ್ರೂ ಬೈಯಮ್ಮ" ಎನ್ನುತ್ತಿದ್ದಳು.

ಗಂಡ ತೀರಿಕೊಂಡ. ಅತ್ತೆಯ ಮಂಡಿ ಹಿಡಿದುಕೊಂಡಿತು. ಮೆಟ್ಟಿಲು ಸೊಸೆಯ ಪಾಲಿಗೆ ಬಂತು. ಸುಸ್ತು ಹಾಸಿ ಹೊದೆಯುವಷ್ಟಿತ್ತು.

ಅತ್ತೆ ಜ್ವರದಿಂದ ಹಾಸಿಗೆ ಹಿಡಿದ ವಾರವೇ ಬೂದಿಯ ಬೆನ್ನಲ್ಲಿ ಹುಣ್ಣಾಯಿತು. ಬೂದಿ ಎಂದರೆ ಸಾಲಿನ ಮುಂದೆ ನಡೆಯುವ ಹೆಣ್ಣು ಕತ್ತೆ. ಸೊಸೆ ಅವಳನ್ನು ಮನೆಯಲ್ಲೇ ಕಟ್ಟಿ, ಉಳಿದ ಮೂರನ್ನು ಹೊಡೆದುಕೊಂಡು ಹೊರಟಳು. ಅವು ಮೊದಲ ಮೆಟ್ಟಿಲಲ್ಲೇ ಕಾಲೂರಿ ನಿಂತವು. ಪುಸಲಾಯಿಸಿದಳು, ಬೈದಳು. ಜಪ್ಪಯ್ಯ ಎಂದರೂ ಕದಲಲಿಲ್ಲ. ಮೇಲಿನಿಂದ ಒಬ್ಬ ಖಾಲಿ ಬಿಂದಿಗೆ ಹಿಡಿದು ಇಳಿದು ಬಂದ.

"ಅಕ್ಕಾ, ಮನೇಲಿ ಬಾಣಂತಿ ಇದ್ದಾಳೆ, ತೊಟ್ಟು ನೀರಿಲ್ಲ. ಸವಾರಿ ಯಾವಾಗ?"

"ಈ ಮೂವರನ್ನೇ ಕೇಳಪ್ಪ. ನನ್ನ ಮಾತು ಎಲ್ಲಿ ನಡೀತದೆ?"

ಮನೆಗೆ ವಾಪಸ್ಸು ಬಂದಳು. ಅತ್ತೆ ಮಲಗಿದ್ದಲ್ಲಿಂದಲೇ ಕೇಳಿದಳು: "ಬೂದೀನ ಬಿಟ್ಟು ಹೊರಟ್ಯಾ?"

"ಹುಣ್ಣಾಗಿದೆ ಅತ್ತೆ."

"ಹುಣ್ಣಾಗಿರೋದು ಬೆನ್ನಿಗೆ, ಕಾಲಿಗಲ್ಲವಲ್ಲ. ಬರೀ ಬೆನ್ನಲ್ಲಿ ಮುಂದೆ ನಡೆಸು, ಹಿಂದೆ ಅವೂ ಬರ್ತವೆ."

"ಅವಳ ಹೊರೆ? ಮೂರರ ಮೇಲೆ ಹಂಚಲಾ?"

"ಬೇಡ. ಅವಕ್ಕೂ ಸಾಕಾಗಿ ಹೋಗಿದೆ."

ಅತ್ತೆ ಮಲಗಿದ್ದಲ್ಲಿಂದಲೇ ಕೈ ಚಾಚಿ ಸೊಸೆಯ ಹೆಗಲು ಮುಟ್ಟಿ ನೋಡಿದಳು, ಬೆಳಿಗ್ಗೆ ಬೆಳಿಗ್ಗೆ ಕತ್ತೆಗಳ ಬೆನ್ನು ಮುಟ್ಟಿ ನೋಡುತ್ತಿದ್ದ ಹಾಗೆ. ಆ ಜ್ವರದಿಂದ ಅತ್ತೆ ಮತ್ತೆ ಏಳಲಿಲ್ಲ; ಅವಳು ಸೊಸೆಯನ್ನು ಏನಾದರೂ ಕೇಳಿದ್ದು ಇದೇ ಕೊನೆ.

"ಎರಡೇ ಕ್ಯಾನು. ಹುಣ್ಣು ಮಾಯೋವರೆಗೂ ನೀನು ಹೊರ್ತೀಯೇನವ್ವಾ?"