ಅಕ್ಕನ ಮೋಡದ ಹೂ

ಕೋಟಗಿರಿಯ ಹೂವಿನ ನರ್ಸರಿಯಲ್ಲಿ ಕೆಲಸಕ್ಕಿರುವ ಅಕ್ಕ ಕಳೆದ ದೀಪಾವಳಿಗೆ ಬಂದಾಗ ನನ್ನ ಕೈಗೊಂದು ಆರ್ಕಿಡ್ ಕೊಟ್ಟಳು. ಎಲ್ಲೋ ದೂರದೇಶದ, ವರ್ಷವಿಡೀ ಮೋಡ ಹೊದ್ದಿರುವ ಕಾಡಿನದು. ಹೆಬ್ಬೆರಳಿನಷ್ಟು ಗಿಡ, ಮಹಾರಾಣಿಯಷ್ಟು ಜಂಭ. "ಹೂ ಬಿಟ್ರೆ ಹೇಳು. ನಮ್ ಓನರ್‌ಗೆ ಹೂವಿನ ಹುಚ್ಚು, ಅದನ್ನ ನೋಡೋಕಂದ್ರೆ ರಜೆ ಕೊಟ್ಟೇ ಕೊಡ್ತಾರೆ" ಎಂದಿದ್ದಳು.

ಹುಲಿಕಲ್‌ನ ನಮ್ಮ ಮನೆಗೆ ಮಳೆಗಾಲದ ಮಂಜು ಪುಕ್ಕಟೆ. ಬೇಸಿಗೆಯೇ ಕಷ್ಟ. ಒದ್ದೆ ಗೋಣಿ ಸುತ್ತಿದ ಹಳೇ ಹಂಡೆಯೊಳಗೆ ಗಿಡವನ್ನಿಟ್ಟು, ಸಂಜೆಯಾದರೆ ಪಕ್ಕದಲ್ಲಿ ಐಸ್ ಕಟ್ಟಿದ ಬಾಟಲಿ ಮಲಗಿಸುತ್ತಿದ್ದೆ. ನೀರು ಚಿಮುಕಿಸುವಾಗ ಅಕ್ಕನದೇ ದನಿ ತೆಗೆದು, "ಎಂತ ಮಾರಾಯ್ತಿ, ಎದ್ಯಾ?" ಎಂದು ವಿಚಾರಿಸುತ್ತಿದ್ದೆ. ಊರಿನವರ ಕೆಮ್ಮು, ಆಕಳಿಕೆಯನ್ನೆಲ್ಲ ಅಣಕಿಸುವ ನನಗೆ ಅವಳ ದನಿ ಬಾಯಿಪಾಠ.

"ಕೋಡಂಗಿ," ಅಪ್ಪಯ್ಯ ಬೈಯುತ್ತಿದ್ದರು, "ಸ್ವಂತ ದನಿ ಅಂತ ಒಂದಿದ್ಯಾ ನಿಂಗೆ?"

ಇತ್ತು. ಅದಕ್ಕೆ ಗಿರಾಕಿ ಇರಲಿಲ್ಲ.

ಆಷಾಢದಲ್ಲಿ ಸೂಜಿಮೊನೆಯಂಥ ಎರಡು ಮೊಗ್ಗು ಬಂದವು. ಫೋಟೋ ನೋಡಿದ ಅಕ್ಕ ರಜೆಯನ್ನೂ ಪಡೆದಳು. ಅಪ್ಪಯ್ಯ ದಿನಾ ಜಗಲಿಗೆ ಬಂದು, ಕನ್ನಡಕ ಏರಿಸಿ, ಮೊಗ್ಗು ನೋಡಿ ಹೋಗತೊಡಗಿದರು.

ಅದೇ ವಾರ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿದೆವು. ಮೈಲುತುತ್ತು, ಸುಣ್ಣ ಕಲಸಿದ ನೀಲಿ ನೀರು. ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ. ಕಾಳುಮೆಣಸಿಗೆ, ವೀಳ್ಯದ ಬಳ್ಳಿಗೆ, ಕಣ್ಣಿಗೆ ಬಿದ್ದ ಹಸಿರಿಗೆಲ್ಲ ಒಂದೊಂದು ಚೊಂಬು. ಅಪ್ಪಯ್ಯ ಅಕ್ಕನ ಗಿಡಕ್ಕೂ ಹೊಯ್ದರು.

"ಅವ್ಳು ಬರೋದ್ರೊಳಗೆ ಮೊಗ್ಗು ಕೊಳೀಬಾರ್ದಲ್ಲ" ಎಂದರು.

ಮೈಲುತುತ್ತಿನ ತಾಮ್ರ ಈ ಗಿಡಕ್ಕೆ ವಿಷ. ಮೊಗ್ಗುಗಳು ಕಪ್ಪಾಗಿ ಉದುರಿದವು. ಹಸಿರಾಗಿ ಉಳಿದದ್ದು ಒಂದೇ ಎಲೆ.

ಅಪ್ಪಯ್ಯ ಗಿಡಕ್ಕೆ ಅಭಿಷೇಕ ಮಾಡಿದ್ದನ್ನು ಅವರದೇ ದನಿಯಲ್ಲಿ ಫೋನಿನಲ್ಲಿ ಆಡಿ ತೋರಿಸಿದೆ. ಅಕ್ಕ ನಕ್ಕಳು. ಆಮೇಲೆ, "ಹೂವೇ ಇಲ್ಲ ಅಂದ್ಮೇಲೆ ಈ ಸೀಸನ್ನಲ್ಲಿ ನನ್ನ ಬಿಡಲ್ಲ ಕಣೋ. ಅಪ್ಪಯ್ಯಂಗೆ ಬೈಬೇಡ, ಆಯ್ತಾ?" ಎಂದಳು.

ಊರಿಗೇ ಬಾಯಿಬಡುಕನಾದ ನನಗೆ ಈ ಒಂದು ಸುದ್ದಿಯನ್ನು ಅಪ್ಪಯ್ಯನಿಗೆ ಹೇಳಲು ಬಾಯಿ ಬರಲಿಲ್ಲ.

ಅವಳು ಬರಬೇಕಿದ್ದ ದಿನ ಬೆಳಿಗ್ಗೆ ಆ ಒಂಟಿ ಎಲೆಗೆ ನೀರು ಚಿಮುಕಿಸುತ್ತ, ನಾಲಿಗೆಗೆ ರೂಢಿಬಿದ್ದಂತೆ ಅವಳ ದನಿಯಲ್ಲೇ, "ಎಂತ ಮಾರಾಯ್ತಿ, ಎದ್ಯಾ?" ಎಂದುಬಿಟ್ಟೆ. ಅಪ್ಪಯ್ಯ ಕಾಫಿ ಲೋಟ ಹಿಡಿದೇ ಒಳಗಿನಿಂದ ಓಡಿಬಂದರು.

"ಬಂದ್ಲಾ?"

"ಇಲ್ಲ ಅಪ್ಪಯ್ಯ, ನಾನೇ. ಅವ್ಳು ಬರಲ್ಲ."

ಕೋಡಂಗಿ ಎನ್ನಲಿಲ್ಲ. ಜಗಲಿಯಲ್ಲಿ ಕೂತು, ಆ ಎಲೆಯನ್ನೇ ನೋಡುತ್ತ, "ಅವ್ಳ ಥರಾನೇ ಇನ್ನೊಂದ್ ಸಲ ಹೇಳು" ಎಂದರು.