ನಾಟ್ ಲೀಗಲ್ ಎಂದು ಬರೆದ ಕೈ

ನಾನಾಗ ಮೆಟ್ರಿಕ್ ಪಾಸಾದ ಹೊಸತು. ಬಬಲೇಶ್ವರದ ನಮ್ಮ ಓಣಿಯಲ್ಲಿ ಇಂಗ್ಲಿಷ್ ಕಾಗದ ಓದುವವನು ನಾನೊಬ್ಬನೇ. ಅಲ್ಪನಿಗೆ ಐಶ್ವರ್ಯ ಬಂದಂತಾಗಿತ್ತು. ಕಿಸೆಯಲ್ಲಿ ಸಣ್ಣ ಡಿಕ್ಷನರಿ ಇಟ್ಟುಕೊಂಡೇ ತಿರುಗುತ್ತಿದ್ದೆ.

ಮೊದಲ ಗಂಡ ತೀರಿಕೊಂಡ ಮೇಲೆ ಅಕ್ಕನಿಗೆ ತಿಕೋಟಾದಲ್ಲಿ ಉಡಿಕೆ ಆಗಿತ್ತು. ಉಡಿಕೆಗೆ ಬಾಸಿಂಗವಿಲ್ಲ, ಅಕ್ಕಿಕಾಳಿಲ್ಲ; ಐದು ಮಂದಿ ಹಿರಿಯರೆದುರು ಹೊಸ ಸೀರೆ ಉಡಿಸಿ, ಹಸಿರು ಬಳೆ ಇಡಿಸಿದರೆ ಗಂಡ ಹೆಂಡಿರಾದಂತೆ. ನಮ್ಮ ಮಂದಿ ಅದನ್ನು ಹಗುರ ಮಾಡುತ್ತಿರಲಿಲ್ಲ. ಭಾವ ಕನಮಡಿಯವನು, ಅವನ ಅಣ್ಣತಮ್ಮಂದಿರಿಗೆ ಮಾತ್ರ ಈ ಸಂಬಂಧ ಸೇರಿರಲಿಲ್ಲ. ಆರು ವರ್ಷ ಇಬ್ಬರೂ ತಿಕೋಟಾದಲ್ಲೇ ಚೆಂದಾಗಿ ಬಾಳಿದರು.

ಭಾವ ಜ್ವರ ಬಂದು ವಿಜಾಪುರದ ದವಾಖಾನೆಯೊಂದರಲ್ಲಿ ರಾತ್ರಿ ಸತ್ತ. ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋದರೆ ಹೆಣದ ಕೋಣೆಗೆ ಬೀಗ. ಅಣ್ಣತಮ್ಮಂದಿರು ಮೊದಲೇ ಬಂದು, “ಆಕಿ ಅವನ ಹೇಣ್ತಿ ಅಲ್ಲರಿ, ಇಟ್ಕೊಂಡಿದ್ದ” ಎಂದು ಹೇಳಿಬಿಟ್ಟಿದ್ದರು. ಗುಮಾಸ್ತ ನನ್ನ ಮುಂದೆ ಫಾರ್ಮು ಸರಿಸಿದ.

“ನೀ ಕಲತಾಂವ ಅದಿ. ಆಕಿ ಲೀಗಲ್ ವೈಫ್ ಹೌದೋ ಅಲ್ಲೋ ಬರದು ಸಹಿ ಮಾಡು. ನೀ ಬರದಂಗ ಹೆಣಾ ಕೊಡತೇನಿ.”

ಹೌದು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಡಿಕ್ಷನರಿ ತೆಗೆದೆ. ಲೀಗಲ್ ಅಂದರೆ ಕಾಯದೆಗೆ ಸಂಬಂಧಪಟ್ಟ, ಕಾಯದೆ ಒಪ್ಪುವ. ಕಾಯದೆ ಅಂದರೆ ನನಗೆ ಕಚೇರಿಯ ಶಿಕ್ಕಾ, ಸ್ಟಾಂಪು ಕಾಗದ. ಉಡಿಕೆಗೆ ಅವು ಎಲ್ಲಿಂದ ಬರಬೇಕು? ಸುಳ್ಳು ಬರೆದರೆ ಜೈಲೆಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಇಂಗ್ಲಿಷ್ ಬಲ್ಲೆನೆಂಬ ಸೊಕ್ಕು ಇತ್ತು. ‘ನಾಟ್ ಲೀಗಲ್’ ಎಂದು ದುಂಡಗೆ ಬರೆದು ಸಹಿ ಹಾಕಿದೆ.

ಅಣ್ಣತಮ್ಮಂದಿರು ಹೆಣವನ್ನು ಲಾರಿಗೆ ಹಾಕಿಕೊಂಡರು. ಅಕ್ಕ ಗುಮಾಸ್ತನ ಕಾಲು ಹಿಡಿದಳು. “ಮಾರಿ ಅಷ್ಟರ ತೋರಸ್ರಿ ಯಪ್ಪಾ” ಎಂದು ಬೇಡಿದಳು. ಲಾರಿಯ ಹಿಂದೆ ಓಡಿ ರಸ್ತೆಯಲ್ಲಿ ಬಿದ್ದಳು. ಕನಮಡಿಯ ದಾರಿ ತಿಕೋಟಾದ ಮೇಲೆಯೇ. ಅವಳ ಮನೆಯ ಮುಂದೆಯೇ ಲಾರಿ ನಿಲ್ಲದೆ ಹೋಯಿತಂತೆ.

ವರ್ಷದ ಮೇಲೆ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ವಕೀಲರೊಬ್ಬರನ್ನು ಉಡಿಕೆಯ ಬಗ್ಗೆ ಕೇಳಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, “ಹಿಂದಿನಿಂದ ನಡಕೊಂಡು ಬಂದ ರೂಢಿ ಇದ್ರ ಕಾಯದೆನೂ ಒಪ್ಪತೈತಿ ತಮ್ಮಾ. ಉಡಿಕಿನೂ ಲೀಗಲ್ ಮದಿವಿನ” ಎಂದರು. ನಾನು ಚಹಾ ಅಲ್ಲೇ ಬಿಟ್ಟು ಎದ್ದೆ. ಆಡಿದ ಮಾತನ್ನಾದರೂ ಮಂದಿ ಮರೆಯುತ್ತಾರೆ, ಬರೆದದ್ದನ್ನು ಏನು ಮಾಡಲಿ?

ಅಂದೇ ತಿಕೋಟಾಕ್ಕೆ ಹೋಗಿ ಅಕ್ಕನಿಗೆ ಎಲ್ಲ ಹೇಳಿ ಅತ್ತೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಗಂಡನ ಹೆಣದ ಮುಂದೆ ಬಳೆ ಒಡೆಯುವುದು ನಮ್ಮ ಪದ್ಧತಿ. ಅವಳ ಕೈಯಲ್ಲಿ ಇನ್ನೂ ಹಸಿರು ಬಳೆ ಇದ್ದವು, ಓಣಿಯ ಹೆಂಗಸರು ಎಷ್ಟು ಬೈದರೂ ತೆಗೆದಿರಲಿಲ್ಲ.

“ಇನ್ನರ ತಗಿಯಕ್ಕಾ” ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ.

“ಹೇಣ್ತಿ ಅಲ್ಲಂತ ನೀನ ಬರದು ಕೊಟ್ಟೀದಿ. ಮತ್ತ ಯಾರ ಸಲುವಾಗಿ ಒಡೀಲಿ?”